ತೇವಾರಂ ಮನೆ ತೊಳೆದ ವರದಿ

ಹನುಮಂತನಪಟ್ಟಿ
ತೈ ತಿಂಗಳ ಐದನೆಯ ದಿನ, 18 ಜನವರಿ 2025

ತಿಲಗವತಿ, ದಿವಂಗತ ಮುತ್ತುಸಾಮಿ ಗೌಡರ ಹಿರಿಯ ಮಗಳು, ವಯಸ್ಸು ಅರವತ್ತೆಂಟು, ಕೊಳ್ಳೇಗಾಲದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಎರಡು ತಿಂಗಳು ವಿಜ್ಞಾನದ ಅಧ್ಯಾಪಕಿಯಾಗಿದ್ದು ನಿವೃತ್ತಳಾದವಳು.

ಪ್ರೀತಿಯ ತಂಗಿ ಜೆಯಂತಿ, ಒಡಹುಟ್ಟಿದವಳಿಗೆ ಬರೆಯುವ ಪತ್ರ ಹೀಗೆ ಆರಂಭವಾಗಬಾರದೆಂದು ಬಲ್ಲೆ. ಆದರೆ ಕಳೆದ ಮೂರು ತಿಂಗಳಲ್ಲಿ ಈ ಸಾಲನ್ನು ಎಷ್ಟು ಪೊಲೀಸ್ ಕಾಗದಗಳ ತಲೆಯಲ್ಲಿ ಬರೆದಿದ್ದೇನೆಂದರೆ, ಲೇಖನಿ ಹಿಡಿದ ಕೂಡಲೇ ಕೈ ಅದನ್ನೇ ಬರೆಯುತ್ತದೆ. ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ. ನಿನಗೂ ನಿನ್ನ ಯಜಮಾನರಿಗೂ ಮಗಳು ಮುತ್ತುಸೆಲ್ವಿಗೂ ನನ್ನ ಆಶೀರ್ವಾದಗಳು. ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ. ದೂರವಾಣಿಯಲ್ಲಿ ಕೇಳಿದಾಗಲೆಲ್ಲ "ಬಾಡಿಗೆಯವನದೊಂದು ಸಣ್ಣ ಪೊಲೀಸ್ ತೊಂದರೆ, ಸರಿಹೋಗುತ್ತದೆ" ಎಂದು ಮಾತು ತೇಲಿಸಿದೆ. ಆ ತಪ್ಪನ್ನು ಮನ್ನಿಸು.

ನೀನು ಕೇಳಿರುವುದು ಎರಡೇ ಪ್ರಶ್ನೆ. ಪಂಗುನಿಯಲ್ಲಿ, ಮಾರ್ಚ್ ಕೊನೆಗೆ, ಸೆಲ್ವಿಗೆ ಹೆರಿಗೆಯಾದ ಮೇಲೆ ಬಾಣಂತನಕ್ಕೆ ಅವಳನ್ನು ತೇವಾರಂನಲ್ಲಿರುವ ಅಪ್ಪನ ಮನೆಗೆ ಕರೆತರಬಹುದೇ? ನಿನಗೂ ಸೆಲ್ವಿಗೂ ನೀರೆರೆದ ಕರುಪ್ಪಾಯಿಯೇ ಈ ಕೂಸಿಗೂ ನೀರೆರೆಯುವಳೇ? ದಿಂಡುಕ್ಕಲ್ಲಿನ ನಿನ್ನ ಎರಡು ಕೋಣೆಯ ಮಹಡಿಮನೆಯಲ್ಲಿ ಬಾಣಂತಿಗೆ ಬಿಸಿನೀರಿನ ಹಂಡೆ ಇಡಲೂ ಜಾಗವಿಲ್ಲವೆಂದು ಬರೆದಿದ್ದೀಯೆ. ನಿಜ. ನಮ್ಮ ಮನೆಯ ಹೆಣ್ಣುಮಕ್ಕಳ ಚೊಚ್ಚಲು ಬಾಣಂತನ ಆ ಮನೆಯ ಹೊರಗೆ ಎಂದೂ ನಡೆದದ್ದಿಲ್ಲ. ಆದ್ದರಿಂದ ಉತ್ತರ ಬರೆಯುವ ಮೊದಲು ಆ ಮನೆಗೆ ಏನಾಯಿತೆಂಬುದನ್ನು ನೀನು ತಿಳಿಯಬೇಕು.

ಎರಡು ವರ್ಷದ ಹಿಂದೆ ಮೋಹನ್‌ರಾಜ್ ಎಂಬಾತ ನನ್ನನ್ನು ಹುಡುಕಿಕೊಂಡು ಇಲ್ಲಿಗೇ ಬಂದ. ವಯಸ್ಸು ನಲವತ್ತರ ಒಳಗೆ. ಇಸ್ತ್ರಿ ಮಾಡಿದ ಬಿಳಿಯ ಅಂಗಿ. ಬಾಗಿಲಲ್ಲಿ ನಿಂತು, "ಟೀಚರಕ್ಕಾ, ನಾವೂ ನಿಮ್ಮವ್ರೇ. ಒಂದ್ ಸೊಂಬು ನೀರ್ ಕೊಡ್ತೀರಾ?" ಎಂದ. ನಮ್ಮ ಜನರಲ್ಲಿ ಆಮೇಲೆ ಕೇಳುವುದೇನೆಂದು ನಿನಗೆ ಗೊತ್ತು. ನೀರು ಕೊಟ್ಟೆ, ಯಾವ ಕುಲ, ಯಾವ ಮನೆದೇವರು ಎಂದು ಕೇಳಿದೆ. ತಡವರಿಸದೆ ಹೇಳಿದ. ಸುತ್ತಲೂ ತಮಿಳು ತುಂಬಿದ ಈ ಕಣಿವೆಯಲ್ಲಿ ನಾನೂರು ವರ್ಷ ನಾವು ಒಬ್ಬರನ್ನೊಬ್ಬರು ಗುರುತಿಸಿಕೊಂಡದ್ದು ಹೀಗೆಯೇ. ಕುಲ ಹೇಳಿದವನಲ್ಲಿ ಗುರುತಿನ ಚೀಟಿ ಕೇಳುವುದು, ಊಟಕ್ಕೆ ಕುಳಿತವನ ಕೈ ಹಿಡಿದು ಎಬ್ಬಿಸಿದ ಹಾಗೆ. ಬೋಡಿಮೆಟ್ಟು ಬೆಟ್ಟದಿಂದ ಏಲಕ್ಕಿ ತಂದು ಎಣ್ಣೆ ಇಳಿಸುವ ಕಸುಬು, ಪಾತ್ರೆ ಪೀಪಾಯಿ ಇಡಲು ದೊಡ್ಡ ಮನೆ ಬೇಕು ಎಂದ. ವೀಳ್ಯದೆಲೆ ಅಡಿಕೆ ಬದಲಾಯಿಸಿ, ಅಪ್ಪನ ಮನೆಯ ಬೀಗದ ಕೈ ಕೊಟ್ಟೆ. ಕರಾರಿಲ್ಲ, ಪೊಲೀಸ್ ಠಾಣೆಗೆ ಬಾಡಿಗೆದಾರನ ವಿವರ ಕೊಡಲಿಲ್ಲ. ಶಾಲೆಯಲ್ಲಿ ರಜೆಚೀಟಿಗೆ ತಂದೆಯ ರುಜು ಇಲ್ಲದಿದ್ದರೆ ಹುಡುಗಿಯರನ್ನು ಬಾಗಿಲಿನ ಹೊರಗೆ ನಿಲ್ಲಿಸುತ್ತಿದ್ದವಳು ನಾನು.

ಇನ್ನೊಂದು ಕಾರಣವನ್ನೂ ಹೇಳಬೇಕು. ಆತ ತಿಂಗಳಿಗೊಮ್ಮೆ ಏಲಕ್ಕಿ ಪೊಟ್ಟಣ ಹಿಡಿದು ಬಂದು, ನನ್ನೆದುರು ಕೆಳಗೆ ಕುಳಿತು, ಅಚ್ಚುಕಟ್ಟಾದ ಕನ್ನಡದಲ್ಲಿ ಮಾತನಾಡುತ್ತಿದ್ದ. ನಮ್ಮ ಮಕ್ಕಳು ಆಡಲಾರದ ಕನ್ನಡ. "ನಿಮ್ಮ ಬಾಯಲ್ಲಿ ಕೇಳಿದ್ರೆ ಪುಸ್ತಕ ಓದ್ದಂಗೆ ಆಯ್ತದೆ ಅಕ್ಕಾ" ಎನ್ನುತ್ತಿದ್ದ. ನಿವೃತ್ತಳಾಗಿ ಇಲ್ಲಿಗೆ ಮರಳಿದ ಹತ್ತು ವರ್ಷದಲ್ಲಿ ನನಗೆ ಹಾಗೆ ಹೇಳಿದವರು ಬೇರೆ ಯಾರೂ ಇರಲಿಲ್ಲ. ಆ ಒಂದು ಗಂಟೆಗಾಗಿ ನಾನು ತಿಂಗಳಿಡೀ ಕಾಯುತ್ತಿದ್ದೆನೆಂದು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಅಕ್ಟೋಬರಿನಲ್ಲಿ ಪೊಲೀಸರು ಬಾಗಿಲು ಒಡೆದರು. ಏಲಕ್ಕಿಯ ಎಣ್ಣೆಯಲ್ಲ, ಜೆಯಂತಿ. ಅಪ್ಪ ಕಟ್ಟಿಸಿದ ಮನೆಯಲ್ಲಿ ಆತ ಮಾದಕದ ಪುಡಿ ತಯಾರಿಸುತ್ತಿದ್ದ. ಅಡುಗೆಮನೆಯಲ್ಲಿ ಕುದಿಸುವುದು, ನಡುಮನೆಯಲ್ಲಿ ಒಣಗಿಸುವುದು, ಕಿಟಕಿಯಿಲ್ಲದ ಕಾರಣ ದೇವರ ಕೋಣೆಯಲ್ಲಿ ಕೂಡಿಡುವುದು. ಆತ ಅಂದು ಅಲ್ಲಿರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಆತ ಹೇಳಿದ ಕುಲದವರನ್ನು ವಿಚಾರಿಸಿದರೆ ಅಂಥ ಹೆಸರಿನವರೇ ತಮ್ಮಲ್ಲಿಲ್ಲವೆಂದರು. ಬಸ್ ನಿಲ್ದಾಣದಲ್ಲಿ ಚಿನ್ನತಂಬಿ ಮಾವ ಹತ್ತು ಜನರೆದುರು ಕೇಳಿದರು: "ಏನ್ ತಿಲಗಾ, ವಿಜ್ಞಾನದ ಟೀಚರ್ ಮೂಗ್ಗೆ ಏಲಕ್ಕಿ ಯಾವ್ದು ಆಸಿಡ್ ಯಾವ್ದು ತಿಳೀಲಿಲ್ವಾ? ಪೆನ್ಶನ್ ಮಾತ್ರ ಸರಿಯಾಗಿ ವಾಸನೆ ಹಿಡೀತದಾ?" ಎಲ್ಲರೂ ನಕ್ಕರು. ನಾನು ಬಸ್ಸು ಹತ್ತಿದೆ. ಅದು ನನ್ನ ಊರಿನ ಬಸ್ಸಲ್ಲವೆಂದು ಉತ್ತಮಪಾಳಯ ದಾಟಿದ ಮೇಲೆ ತಿಳಿಯಿತು.

ಡಿಸೆಂಬರಿನ ಆರಂಭದಲ್ಲಿ ಮೊಹರು ತೆಗೆದು ಮನೆಯನ್ನು ನನ್ನ ವಶಕ್ಕೆ ಕೊಟ್ಟರು. ನಾನು ಗೋಮೂತ್ರ, ಅರಿಶಿನದ ನೀರು, ಬ್ಲೀಚಿಂಗ್ ಪುಡಿ, ಸಾಂಬ್ರಾಣಿ ಎಲ್ಲವನ್ನೂ ಹೊಂದಿಸಿಕೊಂಡು ಹೋದೆ. ಪೊಲೀಸರು ಗೊತ್ತುಮಾಡಿಕೊಟ್ಟ ಶಿವಬಾಲನ್ ಎಂಬ ಯುವಕ ಅಂಗಳದಲ್ಲೇ ನನ್ನನ್ನು ತಡೆದ. ಮಧುರೆಯವನು, ಕಾರ್ಖಾನೆಗಳ ವಿಷ ತೊಳೆಯುವುದೇ ಅವನ ಕೆಲಸ. ಕೆಂಡದ ಧೂಪಾರತಿಯನ್ನು ನೋಡಿ, "ಟೀಚರ್, ಕೆಂಡ ಒಳಗೆ ಹೋದರೆ ಮನೆಯೂ ನೀವೂ ಒಟ್ಟಿಗೆ ಸ್ವರ್ಗಕ್ಕೆ" ಎಂದು ತಮಿಳಿನಲ್ಲಿ ಹೇಳಿ, ಅದನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದು ಬೀದಿಯ ಮಣ್ಣಿನಲ್ಲಿ ಮುಚ್ಚಿದ. ಬ್ಲೀಚಿಂಗ್ ಪುಡಿಯೂ ಕೂಡದೆಂದ. ಗೋಡೆಯಲ್ಲಿ ಉಳಿದಿರುವ ಆಮ್ಲದೊಡನೆ ಅದು ಸೇರಿದರೆ ವಿಷಗಾಳಿ ಏಳುತ್ತದಂತೆ. ಎಂಟನೆಯ ತರಗತಿಯ ಪಾಠ ಅದು. ನಾನೇ ನೂರಾರು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ.

ಮೊದಲ ಹತ್ತು ದಿನ ಏನನ್ನೂ ಮುಟ್ಟಲಿಲ್ಲ. ಮೋಹನ್‌ರಾಜ್ ಕಿಟಕಿಗಳಿಗೆ ಅಂಟಿಸಿದ್ದ ವೃತ್ತಪತ್ರಿಕೆಗಳನ್ನು ಕಿತ್ತು, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬೆಟ್ಟದ ಗಾಳಿಗೆ ಮನೆಯನ್ನು ಒಪ್ಪಿಸಿದೆವು. ಬಳಿಕ ನಾಲ್ವರು ಕೆಲಸಗಾರರು ಬಿಳಿಯ ನಿಲುವಂಗಿ, ಮುಖವಾಡ, ಮೊಣಕೈವರೆಗಿನ ಕೈಗವಸು ತೊಟ್ಟು ಒಳಹೊಕ್ಕರು. ಬೀದಿಯ ಮಕ್ಕಳು "ಕೊರೊನಾ ಬಂದುಟ್ತು, ಟೀಚರಮ್ಮನ ಮನೇಗೆ ಕೊರೊನಾ ಬಂದುಟ್ತು" ಎಂದು ಕುಣಿದರು. ಬಟ್ಟೆ, ಹತ್ತಿ, ಚಾಪೆ, ಮೃದುವಾದ ಮರ, ಇವೆಲ್ಲ ವಿಷವನ್ನು ಹೀರಿಕೊಳ್ಳುತ್ತವೆ, ತೊಳೆದರೆ ಹೋಗುವುದಿಲ್ಲ, ಸುಡುವಂತೆಯೂ ಇಲ್ಲ. ದಪ್ಪನೆಯ ಹಳದಿ ಚೀಲಗಳಲ್ಲಿ ಕಟ್ಟಿ, ಇಂಥದ್ದಕ್ಕೆಂದೇ ಪರವಾನಗಿ ಇರುವ ಲಾರಿಯಲ್ಲಿ ಕಳಿಸಬೇಕು. ಅಮ್ಮನ ಜಮಖಾನೆಗಳು ಹೋದವು. ಅಟ್ಟದ ಹಲಗೆಗಳು ಹೋದವು. ಅಟ್ಟದ ಮೇಲಿದ್ದ ತೊಟ್ಟಿಲೂ ಹೋಯಿತು, ಜೆಯಂತಿ. ನೀನು ಮಲಗಿದ್ದ, ಸೆಲ್ವಿ ಮಲಗಿದ್ದ ತೊಟ್ಟಿಲು. ಅದರ ಮೇಲೆ ಆತ ಒದ್ದೆ ಬಟ್ಟೆಗಳನ್ನು ಹರವುತ್ತಿದ್ದನಂತೆ. "ಮೇಲ್ಪದರ ಹೆರೆದರೆ ಸಾಲದೇ?" ಎಂದು ಕೇಳಿದೆ. ಶಿವಬಾಲನ್ ನನ್ನ ಮುಖ ನೋಡಿ, "ನಿಮ್ಮ ಮೊಮ್ಮಗುವನ್ನು ಇದರಲ್ಲಿ ಮಲಗಿಸುತ್ತೀರಾ, ನೀವೇ ಹೇಳಿ" ಎಂದ. ನಾನೇ ಚೀಲದ ಬಾಯಿ ಹಿಡಿದುಕೊಂಡೆ.

ಆಮೇಲೆ ತೊಳೆಯುವ ಕೆಲಸ. ಸೂರಿನಿಂದ ಆರಂಭಿಸಿ ಕೆಳಕ್ಕೆ, ಒಳಕೋಣೆಯಿಂದ ಬಾಗಿಲ ಕಡೆಗೆ. ಸೋಪಿನ ನೀರು, ಆಮೇಲೆ ಬರಿಯ ನೀರು. ಪ್ರತಿ ಗೋಡೆಗೂ ಹೊಸ ಬಟ್ಟೆ, ಹೊಸ ನೀರು. ತೊಳೆದ ನೀರನ್ನು ಮೋರಿಗೆ ಬಿಡದೆ ಪೀಪಾಯಿಗಳಲ್ಲಿ ತುಂಬಿಸಿದರು. ನಾನು ನಿಲುವಂಗಿ ತೊಟ್ಟು ಹಿಂದೆ ನಿಂತು, ಅವರು ಬಿಟ್ಟ ಮೂಲೆಗಳನ್ನು ತೋರಿಸುತ್ತಿದ್ದೆ. "ಇನ್ನೂ ಸ್ವಲ್ಪ ಹೊತ್ತು ಇದ್ದರೆ ಟೀಚರ್ ನಮಗೆ ಬಸ್ಕಿ ಹೊಡೆಸುತ್ತಾರೆ" ಎಂದೊಬ್ಬ ಗೊಣಗಿದ. ಅಡುಗೆಮನೆಯ ಸುಣ್ಣದ ಗಾರೆ ಹಳದಿಗಟ್ಟಿತ್ತು. ತೊಳೆದಷ್ಟೂ ಬಣ್ಣ ಮತ್ತೆ ಜಿನುಗುತ್ತಿತ್ತು. ಇಟ್ಟಿಗೆ ಕಾಣುವವರೆಗೆ ಕೆತ್ತಿಸಿದೆವು. ಹಿತ್ತಲಿನ ಇಂಗುಗುಂಡಿ ಬರಿದು ಮಾಡಿಸಿ, ಅದರ ಸುತ್ತಲಿನ ಮೂರು ಅಡಿ ಮಣ್ಣನ್ನೂ ತೆಗೆಸಿದೆವು. ಕೊನೆಯಲ್ಲಿ ಪ್ರತಿ ಗೋಡೆಯಲ್ಲೂ ಅಂಗೈಯಗಲದ ಜಾಗವನ್ನು ಒದ್ದೆ ಹತ್ತಿಯಿಂದ ಒರೆಸಿ, ಸೀಸೆಗಳಲ್ಲಿಟ್ಟು ಪರೀಕ್ಷೆಗೆ ಕಳಿಸಿದರು.

ಮೊದಲನೆಯ ಪರೀಕ್ಷೆಯಲ್ಲಿ ದೇವರ ಕೋಣೆ ಅನುತ್ತೀರ್ಣವಾಯಿತು. ಮತ್ತೆ ತೊಳೆದರು, ಮತ್ತೆ ಕಳಿಸಿದರು. ಪೊಂಗಲ್‌ಗೆ ಮೂರು ದಿನವಿರುವಾಗ ಎರಡನೆಯ ವರದಿ ಬಂತು. ಎಲ್ಲ ಕೋಣೆಗಳೂ ಬಾವಿಯ ನೀರೂ ನಿರ್ದೋಷ. ಹೊಸ ಗಾರೆ ಒಣಗಿ ಸುಣ್ಣ ಬಳಿಯುವ ಹೊತ್ತಿಗೆ ಪಂಗುನಿಗೆ ಮೊದಲಿನ ಮಾಸಿ ತಿಂಗಳಾಗುತ್ತದೆ. ಆದ್ದರಿಂದ ನಿನ್ನ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ: ಮನೆ ವಾಸಕ್ಕೆ ಯೋಗ್ಯವಾಗಿದೆ, ಸೆಲ್ವಿಯನ್ನು ಕರೆತರಬಹುದು. ವರದಿಯನ್ನು ನಿನ್ನ ಅಳಿಯನಿಗೂ ತೋರಿಸು. ನನ್ನ ಮಾತೊಂದನ್ನೇ ನಂಬಿ ಯಾರೂ ಕೂಸನ್ನು ಆ ಮನೆಯೊಳಗೆ ಮಲಗಿಸಬಾರದು.

ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಕರುಪ್ಪಾಯಿ ಬರಲಾರಳು. ಆ ಮನೆಯ ಅಂಗಳ ಗುಡಿಸಲು ಅವಳ ಬಳಿ ಹಿಂಬಾಗಿಲಿನ ಬೀಗದ ಕೈಯೊಂದು ಇದ್ದುದರಿಂದ, ಪೊಲೀಸರು ಅವಳನ್ನು ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿ ಪ್ರಶ್ನಿಸಿದರು. ಕೊನೆಗೆ ಬಿಟ್ಟರು. ಆದರೆ ಹೆಸರು ಕೆಟ್ಟಿತು. "ಒಳಗೆ ನಡೆದದ್ದು ಅವಳಿಗೆ ಗೊತ್ತಿತ್ತು, ಬಾಯಿ ಮುಚ್ಚಲು ಏನೋ ತಿಂದಿದ್ದಾಳೆ" ಎಂದು ಬೀದಿಯಲ್ಲಿ ಮಾತಾಯಿತು. ಅವಳು ಗುಡಿಸುತ್ತಿದ್ದ ನಾಲ್ಕು ಮನೆಗಳೂ ಅವಳನ್ನು ಬಿಡಿಸಿದವು. ಐವತ್ತು ವರ್ಷಕ್ಕೂ ಮಿಕ್ಕಿ ಆ ಬೀದಿಯ ಹಸುಗೂಸುಗಳಿಗೆಲ್ಲ ನೀರೆರೆದವಳನ್ನು ಕಾರ್ತಿಕೆಯಲ್ಲಿ ಹುಟ್ಟಿದ ಒಂದು ಕೂಸಿಗೂ ಯಾರೂ ಕರೆಯಲಿಲ್ಲ.

ಸೆಲ್ವಿಗೆ ಚೆನ್ನಾಗಿ ಊಟಮಾಡಲು ಹೇಳು. ಕಬ್ಬಿಣದ ಮಾತ್ರೆ ತಪ್ಪಿಸದಿರಲಿ. ಬಳೆ ತೊಡಿಸುವ ಶಾಸ್ತ್ರಕ್ಕೆ ಇಲ್ಲಿಯ ತೋಟದ ದ್ರಾಕ್ಷಿಯನ್ನು ಕಳಿಸಿಕೊಡುತ್ತೇನೆ. ತಾಯಿ ಮಗು ಸುಖವಾಗಿ ಬೇರೆಬೇರೆಯಾಗಲಿ, ನಮ್ಮ ಮನೆದೇವರು ಕಾಯಲಿ.

ನಿನ್ನ ಅಕ್ಕ,
ತಿಲಗವತಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾರದೆ ಬಿಟ್ಟದ್ದು:

ಕರುಪ್ಪಾಯಿಯನ್ನು ಆ ಬೆಂಚಿನ ಮೇಲೆ ಕೂರಿಸಿದವಳು ನಾನು.

ಕಳೆದ ವರ್ಷ ಅವಳು ನನ್ನಲ್ಲಿಗೆ ಮೂರು ಸಲ ಬಂದಿದ್ದಳು. ಅವಳ ಮನೆಮಾತು ತಮಿಳು. ಆದರೆ ನಮ್ಮ ಮನೆಗಳಲ್ಲಿ ದುಡಿದು ನಮ್ಮ ಮಾತನ್ನು ಸೆಲ್ವಿಗಿಂತ ಸಲೀಸಾಗಿ ಆಡುತ್ತಾಳೆ. ಏಪ್ರಿಲಿನಲ್ಲಿ, ಚಿತ್ತಿರೆ ಹುಟ್ಟಿದಾಗ ಬಂದವಳು, "ಟೀಚರಮ್ಮಾ, ಹಿತ್ತಲ ಮುರುಂಗೆ ಮರ ಬುಡದಿಂದ ಒಣಗ್ತಾ ಐತೆ. ಅವ್ರು ಬಿಡೋ ನೀರು ಸರಿಯಿಲ್ಲೆ" ಎಂದಳು. ನುಗ್ಗೆಮರಕ್ಕೆ ಹುಳು ಹಿಡಿದಿರಬೇಕೆಂದೆ. ಜುಲೈ ಕಳೆಯುವಾಗ, ಆಡಿ ತಿಂಗಳಲ್ಲಿ ಬಂದು, "ಕಿಟಕಿಗೆಲ್ಲಾ ಪೇಪರು ಮೆತ್ತವ್ರೆ. ಬಾಗಲ ಸಂದಿಂದ ಬರೋ ಗಾಳೀಗೆ ಕಣ್ಣು ಉರಿಯುತ್ತೆ. ನೀ ಒಂದ್ ದಪ ಬಂದು ಮೂಸಿ ನೋಡು ತಾಯಿ" ಎಂದಳು. ನಾನು ಹೋಗಲಿಲ್ಲ. ಮರುತಿಂಗಳು ಆವಣಿಯಲ್ಲಿ ಬಂದಾಗ ಅಂಗೈಗಳನ್ನೇ ಚಾಚಿದಳು. ಹಿತ್ತಲಲ್ಲಿ ಬಿಸಾಡಿದ್ದ ಡಬ್ಬಿಯೊಂದನ್ನು ತೊಳೆಯಹೋಗಿ ಚರ್ಮ ಸುಲಿದಿತ್ತು. ಅಂದು ಮೋಹನ್‌ರಾಜ್ ಬರುವ ದಿನ. ನಾನು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ಅವರು ನಮ್ಮವರು ಕರುಪ್ಪಾಯಿ. ನಮ್ಮವರ ಮೇಲೆ ಚಾಡಿ ಹೇಳಿಕೊಂಡು ಈ ಹೊಸ್ತಿಲು ಹತ್ತಬೇಡ."

ಅಕ್ಟೋಬರಿನಲ್ಲಿ ಇನ್ಸ್‌ಪೆಕ್ಟರ್ ಪಾಂಡಿಯರಾಜನ್ ನನ್ನನ್ನು ಕೇಳಿದರು: "ವಾಸನೆ, ಹೊಗೆ, ಸತ್ತ ಮರ, ಇವುಗಳ ವಿಷಯ ಆ ಕೆಲಸದ ಹೆಂಗಸು ನಿಮಗೆ ಎಂದಾದರೂ ಹೇಳಿದ್ದಳೇ ಟೀಚರ್?" ಹೌದೆಂದರೆ, ಆರು ತಿಂಗಳಿಂದ ನನಗೆ ತಿಳಿದಿತ್ತೆಂದಾಗುತ್ತದೆ. ಅವರ ಮೇಜಿನ ಮೇಲೆ ನನ್ನ ಹೆಸರೂ ನನ್ನ ಸೇವಾವಧಿಯೂ ಬರೆದಿದ್ದ ಹಾಳೆ ಇತ್ತು. "ಇಲ್ಲ, ಒಮ್ಮೆಯೂ ಹೇಳಿಲ್ಲ" ಎಂದೆ. ರುಜು ಹಾಕಿದೆ. ಆ ಸಂಜೆಯೇ ಅವಳನ್ನು ಕರೆಸಿದರು. "ಟೀಚರಮ್ಮನಿಗೆ ಹೇಳಿದ್ದೆ" ಎಂದು ಅವಳು ಮೂರು ದಿನವೂ ಹೇಳಿದಳಂತೆ. ಅವಳ ಮಾತನ್ನು ನಂಬಲು ಯಾರಿಗೂ ಕಾರಣವಿರಲಿಲ್ಲ. ನನ್ನ ರುಜು ಇತ್ತು.

ನಿನ್ನ ಎರಡನೆಯ ಪತ್ರವನ್ನು ಕೈಚೀಲದಲ್ಲಿಟ್ಟುಕೊಂಡು, ಪೊಂಗಲ್ ಮರುದಿನ, ದನಕರುಗಳಿಗೆ ಪೂಜೆ ಮಾಡುವ ಮಾಟ್ಟುಪ್ಪೊಂಗಲ್ ದಿನ, ಕಾಲುವೆಯಾಚೆಯ ಅವಳ ಜನರ ಬೀದಿಗೆ ಹೋದೆ. ಇಷ್ಟು ವರ್ಷದಲ್ಲಿ ನಾನು ಆ ಬೀದಿಗೆ ಹೋದದ್ದು ಅದೇ ಮೊದಲು. ಕರುಪ್ಪಾಯಿ ಆಡಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದಳು. ಏಳಲಿಲ್ಲ.

"ಯಾಕೆ ಬಂದ್ರಿ? ಪೊಲೀಸು ಇನ್ನೊಂದ್ ದಪ ಕೇಳ್ತಾ ಅವ್ರಾ?"

ಸೆಲ್ವಿಯ ವಿಷಯ ಹೇಳಿದೆ. ಬಾಣಂತನಕ್ಕೆ ಬಾ ಎಂದೆ. ಅವಳು ಬಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಒಂದ್ ದಪ ಹೇಳಿದ್ರೆ ಮರ್ತುಟ್ರು ಅನ್ನಬೋದು. ಮೂರ್ ದಪ ಹೇಳಿದ್ನಲ್ಲಾ ಟೀಚರಮ್ಮಾ. ಅವ ಯಾರೋ ಎಲ್ಲೀವನೋ, ಕುಲ ಹೇಳಿದ, ನಿಮ್ಮವ ಆದ. ನಾ ನಿನ್ನ ತಂಗೀನ ಈ ಕಾಲ್ ಮೇಲೆ ಮಲಗಿಸ್ಕಂಡು ನೀರು ಹೊಯ್ದೆ. ನಾ ಯಾರು?"

ಅವಳು ಆಡಿನ ಇನ್ನೊಂದು ಕೊಂಬು ಹಿಡಿದಳು.

"ಕೂಸಿನ್ ಮೇಲೆ ಎನಗೇನು ಕೋಪ? ನೀರು ಹೊಯ್ತೀನಿ. ಆದ್ರೆ ನಿಮ್ಮ ಬೀದಿಗೆ ಕಾಲಿಡಲ್ಲ. ಸೆಲ್ವಿ ಕೂಸ್ನ ಎತ್ಕಂಡು ಇಲ್ಲಿಗೆ ಬರಲಿ, ಇಕೋ, ಈ ಅಂಗಳಕ್ಕೆ. ಹಗಲೊತ್ತು, ಎಲ್ಲಾರೂ ನೋಡೋಂಗೆ. ಬರ್ತೀರಾ?"

ನಮ್ಮ ಮನೆಯ ಕೂಸು ಆ ಬೀದಿಗೆ ಹೋದದ್ದಿಲ್ಲವೆಂದು ಅವಳಿಗೂ ಗೊತ್ತು, ನಿನಗೂ ಗೊತ್ತು. ನನ್ನ ಹೇಳಿಕೆಯನ್ನು ಬದಲಾಯಿಸೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನೆ ಠಾಣೆಗೆ ಹೋಗಿ ಹೊಸ ಹೇಳಿಕೆ ಕೊಟ್ಟೆ. ಪಾಂಡಿಯರಾಜನ್ ಎರಡು ಸಲ ಓದಿ, "ಇದು ನಿಮ್ಮ ಮೇಲೆಯೇ ತಿರುಗಬಹುದು, ಯೋಚಿಸಿದ್ದೀರಾ?" ಎಂದರು. ಯೋಚಿಸಿದ್ದೇನೆ ಎಂದೆ. ಮುಂದೆ ನ್ಯಾಯಾಲಯದಲ್ಲಿ, ಮೊದಲು ಏಕೆ ಸುಳ್ಳು ಹೇಳಿದಿರಿ ಎಂದು ಎಲ್ಲರೆದುರು ಕೇಳುತ್ತಾರೆ. ಚಿನ್ನತಂಬಿ ಮಾವ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಕುಳಿತಿರಲಿ.

ಕೂಸನ್ನು ಕಾಲುವೆ ದಾಟಿಸುವುದೋ ಬೇಡವೋ, ಅದು ನೀನೂ ಸೆಲ್ವಿಯೂ ನಿರ್ಧರಿಸಬೇಕಾದದ್ದು. ನೀವು ಒಪ್ಪಿದರೆ ಬಿಸಿನೀರಿನ ಹಂಡೆಯನ್ನು ಹೊತ್ತುಕೊಂಡು ನಾನು ಹಿಂದೆ ಬರುತ್ತೇನೆ. ಒಪ್ಪದಿದ್ದರೆ, ಕಾರಣ ನಾನೆಂದು ಕರುಪ್ಪಾಯಿಗೆ ನಾನೇ ಹೋಗಿ ಹೇಳುತ್ತೇನೆ.

ಇದರೊಂದಿಗಿರುವ ಕಾಗದಗಳು:

1. ಗೋಡೆಗಳ ಪರೀಕ್ಷೆಯ ವರದಿಗಳು, ಎರಡು. ಅನುತ್ತೀರ್ಣವಾದದ್ದನ್ನೂ ಇಟ್ಟಿದ್ದೇನೆ.
2. ಬಾವಿಯ ನೀರಿನ ವರದಿ.
3. ಲಾರಿಯಲ್ಲಿ ಕಳಿಸಿದ ವಸ್ತುಗಳ ಪಟ್ಟಿ. ತೊಟ್ಟಿಲು ಹದಿನೇಳನೆಯದು.
4. ಅಕ್ಟೋಬರಿನಲ್ಲಿ ನಾನು ಕೊಟ್ಟ ಹೇಳಿಕೆಯ ಪ್ರತಿ.
5. ನಿನ್ನೆ ಕೊಟ್ಟ ಹೇಳಿಕೆಯ ಪ್ರತಿ. ಸೆಲ್ವಿಗೆ ಕನ್ನಡ ಓದಲು ಬಾರದು, ಈ ಪತ್ರವನ್ನು ಅವಳಿಗೆ ನೀನು ಓದಿ ಹೇಳಬೇಕಾಗುತ್ತದೆ. ಎಲ್ಲಿ ಬಿಟ್ಟು ಓದಿದೆ ಎಂದು ಅವಳಿಗೆ ತಿಳಿಯದು. ಈ ಹೇಳಿಕೆಗಳೆರಡೂ ತಮಿಳಿನಲ್ಲಿವೆ. ಇವನ್ನು ಅವಳ ಕೈಗೇ ಕೊಡು.